ಮಕ್ಕಳಿಗೆ ಈಸು ಕಲಿಸುವ ಬಗೆ

ಸಂಸ್ಕೃತದಲ್ಲಿ ಜೀವನವೆಂಬ ಶಬ್ದಕ್ಕೆ ನೀರೆಂಬ ಅರ್ಥವೂ ಉಂಟು. ನೀರಿಲ್ಲದೆ ಬದುಕಿಲ್ಲವೆಂಬದನ್ನು ನಮ್ಮ ಬಯಲುಸೀಮೆಯವರಿಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಈಸು ಬಾರದ ಕೂಸಿಗೆ ಅದೇ ನೀರು ಕೆಲವೇ ನಿಮಿಷಗಳಲ್ಲಿ ಮೃತ್ಯುವಾಗುವದು. ಈ ಎರಡು ಸಂಗತಿಗಳ ನಡುವೆ ತಾಯ್ತಂದೆಗಳು ಮಾಡಬೇಕಾದ ಒಂದು ಕರ್ತವ್ಯವಿದೆ. ಅದರ ವಿಷಯವಾಗಿ ನಾಲ್ಕು ಮಾತುಗಳನ್ನು ನಮ್ಮ ವಾಚಕರ ಮುಂದಿಡಬೇಕೆಂದು ನಾವು ಈ ಲೇಖನವನ್ನು ಬರೆಯುತ್ತಲಿದ್ದೇವೆ.

ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನಲ್ಲಿ ಅಗರಖೇಡವೆಂಬುದು ಭೀಮಾ ನದಿಯ ದಂಡೆಯ ಮೇಲಿನ ಊರು. ಸಹ್ಯಾದ್ರಿಯ ಭೀಮಾಶಂಕರದಲ್ಲಿ ಹುಟ್ಟಿ, ಪಂಢರಪುರದಲ್ಲಿ ಚಂದ್ರಭಾಗೆಯೆಂದು ಕರೆಯಿಸಿಕೊಂಡು, ಈ ಸೀಮೆಯ ಕರಿಯ ಹೊಲಗಳ ನಡುವೆ ಹರಿದು ಮುಂದೆ ರಾಯಚೂರಿನ ಕಡೆಗೆ ಕೃಷ್ಣೆಯನ್ನು ಕೂಡುವ ನದಿಯಿದು. ಬೇಸಿಗೆಯಲ್ಲಿ ಅದರ ಪಾತ್ರವು ಬಹುಮಟ್ಟಿಗೆ ಬತ್ತಿ, ಅಲ್ಲಲ್ಲಿ ಮಡುಗಳಷ್ಟೇ ಉಳಿಯುವದುಂಟು. ಮಳೆಗಾಲದಲ್ಲಾದರೋ ಊರಲ್ಲಿ ಒಂದು ಹನಿ ಬೀಳದಿದ್ದರೂ ಹೊಳೆ ಏರಬಹುದು. ಏಕೆಂದರೆ ನೀರು ಬರುವದು ಪುಣೆಯ ಕಡೆಯ ಬೆಟ್ಟಗಳಿಂದ, ಮತ್ತು ಸೋಲಾಪುರ ಜಿಲ್ಲೆಯ ಉಜನಿ ಅಣೆಕಟ್ಟಿನಿಂದ. ೨೦೨೦ರ ಅಕ್ಟೋಬರದಲ್ಲಿ ಭೀಮೆಯು ಉಕ್ಕಿ ದಂಡೆಯ ಹಳ್ಳಿಗಳ ಹೊಲಮನೆಗಳನ್ನು ಹೊಕ್ಕದ್ದನ್ನು ಈ ಭಾಗದ ಜನರು ಇನ್ನೂ ಮರೆತಿಲ್ಲ.

ಇಂಥ ಹೊಳೆಯ ಮಗ್ಗುಲಲ್ಲಿ ಬೆಳೆಯುವ ಮಕ್ಕಳಿಗೆ ಈಸು ಬರುವದು ಸಹಜವೆಂದು ದೂರದವರು ತಿಳಿಯುವರು. ಸಂಗತಿ ಹಾಗಿಲ್ಲ. ಗಂಡುಹುಡುಗರಲ್ಲಿ ಹಲವರು ಒಬ್ಬರನ್ನೊಬ್ಬರು ನೋಡಿ ಹೇಗೋ ಕಲಿತುಕೊಳ್ಳುವರು. ಕಲಿಯುವಾಗಲೇ ಕೆಲವರು ಪ್ರಾಣ ಕಳೆದುಕೊಳ್ಳುವರು. ಹೆಣ್ಣುಮಕ್ಕಳಿಗಂತೂ ಕಲಿಸುವವರೇ ಅಪರೂಪ. ಅರಿವೆ ಒಗೆಯಲು, ಕೊಡ ತುಂಬಲು, ದನಗಳಿಗೆ ನೀರು ಕುಡಿಸಲು ದಿನಾಲು ನೀರಿನ ಅಂಚಿಗೆ ಹೋಗುವವರು ಹೆಣ್ಣುಮಕ್ಕಳೇ ಆಗಿದ್ದು, ಅವರಿಗೇ ಈಸು ಬಾರದಿರುವದು ಎಂಥ ವಿಪರೀತ! ಒಬ್ಬಳು ಕಾಲು ಜಾರಿ ಬಿದ್ದಳು, ಅವಳನ್ನು ಎತ್ತಲು ಹೋದ ತಂಗಿಯೂ ಮುಳುಗಿದಳು ಎಂಬಂಥ ಸುದ್ದಿಯನ್ನು ನಾವು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಓದುತ್ತೇವೆ. ಅಯ್ಯೋ ಎಂದು ಹಾಳೆ ತಿರುವಿಬಿಡುತ್ತೇವೆ.

ಜಗತ್ತಿನಲ್ಲಿ ೨೦೨೧ನೆಯ ವರ್ಷದಲ್ಲಿ ಸುಮಾರು ೩ ಲಕ್ಷ ಜನರು ನೀರಲ್ಲಿ ಮುಳುಗಿ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯು ಅಂದಾಜು ಮಾಡಿದೆ. ಅವರಲ್ಲಿ ಕಾಲುಭಾಗದಷ್ಟು ಜನ ಐದು ವರ್ಷದೊಳಗಿನ ಕೂಸುಗಳು. ವಿಶ್ವಸಂಸ್ಥೆಯು ೨೦೨೧ರಿಂದ ಪ್ರತಿವರ್ಷ ಜುಲೈ ೨೫ನೆಯ ದಿನವನ್ನು ಈ ಮರಣಗಳನ್ನು ತಡೆಯುವ ಸಲುವಾಗಿ ಮೀಸಲಿಟ್ಟಿರುವದು. ಶಾಲೆಗೆ ಹೋಗುವ ವಯಸ್ಸಿನ ಮಕ್ಕಳಿಗೆಲ್ಲ ಈಸುವದನ್ನೂ ನೀರಿನಲ್ಲಿ ಜಾಗರೂಕತೆಯಿಂದ ಇರುವದನ್ನೂ ಕಲಿಸಬೇಕೆಂಬುದು ಆ ಆರೋಗ್ಯ ಸಂಸ್ಥೆಯ ಮುಖ್ಯ ಉಪದೇಶಗಳಲ್ಲೊಂದು.

ಇನ್ನು ಕಲಿಸುವ ಬಗೆ. ನಮ್ಮ ಕಡೆಗೆ ರೂಢಿಯಲ್ಲಿರುವ ಒಂದು ಪದ್ಧತಿಯೆಂದರೆ ಹುಡುಗನನ್ನು ಹಿಡಿದು ಬಾವಿಗೆ ಎಸೆದುಬಿಡುವದು. ಕೈಕಾಲು ಬಡಿದು ತಾನಾಗಿಯೇ ಕಲಿಯುತ್ತಾನೆ ಎಂಬುದು ಅದರ ಹಿಂದಿನ ತರ್ಕ. ಕೆಲವರು ಹಾಗೆ ಕಲಿತದ್ದೂ ನಿಜವೇ. ಕಲಿತವರು ಮಾತ್ರ ಮುಂದೆ ಆ ಕಥೆಯನ್ನು ಹೇಳಲು ಉಳಿದಿರುತ್ತಾರೆಂಬುದನ್ನು ನಾವು ಮರೆಯಬಾರದು. ನಮ್ಮ ಬಳಗದಲ್ಲಿಯೇ ಒಬ್ಬರನ್ನು ಆರನೆಯ ವಯಸ್ಸಿನಲ್ಲಿ ಹೀಗೆ ಎಸೆದಿದ್ದರು. ಎಸೆದವರೇ ಹಾರಿ ಮೇಲಕ್ಕೆತ್ತಿದರು, ಏನೂ ಅಪಾಯವಾಗಲಿಲ್ಲ. ಆದರೆ ಈಗ ಅರವತ್ತು ದಾಟಿದ ಅವರು ಇಂದಿಗೂ ಮೊಣಕಾಲಿಗಿಂತ ಆಳದ ನೀರಿಗೆ ಇಳಿಯುವದಿಲ್ಲ. ಒಂದು ಕ್ಷಣದ ನಗೆಚಾಟಿಕೆಯು ಒಂದು ವಿದ್ಯೆಯನ್ನು ಜನ್ಮಪೂರ್ತಿ ಮುಚ್ಚಿಹಾಕಿತು.

ಇದಕ್ಕೆ ವಿರುದ್ಧವಾದ ಇನ್ನೊಂದು ನೋಟವನ್ನು ನಾವು ಒಂದು ಬೇಸಿಗೆಯಲ್ಲಿ ಅಗರಖೇಡದ ಕಡೆಗೆ ಹೋದಾಗ ಕಂಡೆವು. ಸೂರ್ಯನು ಇನ್ನೂ ಮೇಲೇರಿರಲಿಲ್ಲ. ಹೊಳೆಯ ದಂಡೆಯಲ್ಲಿ, ಸೊಂಟಮಟ್ಟದ ನಿಂತ ನೀರಿನಲ್ಲಿ ಮುದುಕನೊಬ್ಬನು ಸುಮಾರು ಆರು ವರ್ಷದ ಮೊಮ್ಮಗಳನ್ನು ಅಂಗಾತ ಮಲಗಿಸಿ, ಒಂದು ಕೈಯನ್ನು ಅವಳ ಕತ್ತಿನ ಕೆಳಗೂ ಇನ್ನೊಂದನ್ನು ಬೆನ್ನಿನ ಕೆಳಗೂ ಇಟ್ಟುಕೊಂಡು ನಿಂತಿದ್ದನು. ಹುಡುಗಿ ಅವನ ಅಂಗಿಯನ್ನು ಬಿಗಿಯಾಗಿ ಹಿಡಿದಿದ್ದಳು.

"ಅಜ್ಜಾ, ಬಿಡಬ್ಯಾಡ ನೋಡು!"

"ಬಿಡೂದಿಲ್ಲವ್ವಾ. ನೀ ಬಿಡು ಅಂದ ಮ್ಯಾಲೇನ ಬಿಡತೀನಿ."

ದಂಡೆಯ ಮೇಲೆ ಕುಳಿತಿದ್ದ ತರುಣನೊಬ್ಬನು, "ಒಂದು ಸಲ ಕೈ ಬಿಡು ಮಾವಾ, ತಾನ ಕಲೀತಾಳ" ಎಂದು ಕೂಗಿದನು. ಮುದುಕನು ಅತ್ತ ತಿರುಗಿ ನೋಡದೆ, "ಆಕಿಗೆ ಮಾತು ಕೊಟ್ಟೀನಿ" ಎಂದಷ್ಟೇ ಅಂದನು. ಅಂದು ಹುಡುಗಿ ಬಿಡು ಎನ್ನಲಿಲ್ಲ, ಮುದುಕನೂ ಬಿಡಲಿಲ್ಲ. ಕಾಲು ಗಂಟೆಯಾದ ಮೇಲೆ ಅವಳ ತುಟಿ ನಡುಗತೊಡಗಿದ ಕೂಡಲೆ ಎತ್ತಿಕೊಂಡು ಬಂದು ಮೈ ಒರಸಿ ಬಿಸಿಲಲ್ಲಿ ಕೂಡಿಸಿದನು.

ಮಕ್ಕಳಿಗೆ ಕಲಿಸುವ ಶಾಸ್ತ್ರವೆಲ್ಲ ಆ ಒಂದು ಮಾತಿನಲ್ಲಿ ಅಡಕವಾಗಿದೆಯೆಂದು ನಮಗೆ ಅನಿಸಿತು. ಹಿಡಿಯುತ್ತೇನೆಂದು ಹೇಳಿ ಮೋಸದಿಂದ ಕೈ ಬಿಟ್ಟರೆ ಕೂಸಿಗೆ ನೀರಿನ ಮೇಲಿನ ನಂಬಿಗೆಯೂ ಹೋಗುವದು, ಹಿಡಿದ ಕೈಯ ಮೇಲಿನ ನಂಬಿಗೆಯೂ ಹೋಗುವದು. ಹೆದರಿದ ಶರೀರವು ಬಿಗಿಯುತ್ತದೆ, ಉಸಿರು ಕಟ್ಟುತ್ತದೆ, ತಲೆಯು ಮೇಲಕ್ಕೆದ್ದು ಕಾಲು ಕೆಳಗಿಳಿಯುತ್ತದೆ. ಹೀಗಾಗಿ ಹೆದರಿದವನು ಮುಳುಗುವದೂ, ಮುಳುಗಿದವನು ಇನ್ನಷ್ಟು ಹೆದರುವದೂ ಒಂದರ ಹಿಂದೊಂದು ನಡೆಯುವದು.

ಹಿಮ ಬೀಳುವ ದೇಶಗಳಲ್ಲಿ ಮಕ್ಕಳಿಗೆ ಸ್ಕೀ ಎಂಬ ವಿದ್ಯೆಯನ್ನು ಕಲಿಸುವರು. ಎರಡು ಉದ್ದನೆಯ ಪಟ್ಟಿಗಳನ್ನು ಕಾಲಿಗೆ ಕಟ್ಟಿಕೊಂಡು ಹಿಮದ ಇಳಿಜಾರಿನಲ್ಲಿ ಜಾರುವ ವಿದ್ಯೆಯದು. ನಾರ್ವೆ ಮುಂತಾದ ದೇಶಗಳಲ್ಲಿ ಮೂರು ನಾಲ್ಕು ವರ್ಷದ ಕೂಸುಗಳೂ ಅದನ್ನು ಕಲಿಯತೊಡಗುವವು. ಹಿಮವನ್ನೇ ಕಾಣದ ನಮ್ಮ ನಾಡಿನಲ್ಲಿಯೂ ಅದು ಇಂದು ಅಪರಿಚಿತವಾಗಿ ಉಳಿದಿಲ್ಲ; ಕೊಡಗಿನ ತೆಕ್ಕಡ ಭವಾನಿಯವರು ಸ್ಕೀ ಓಟದ ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಭಾರತದ ಪರವಾಗಿ ಭಾಗವಹಿಸಿದ್ದಾರೆ. ಆ ದೇಶಗಳ ಗುರುಗಳು ಕೂಸಿಗೆ ಮೊದಲು ವೇಗವನ್ನು ಕಲಿಸುವದಿಲ್ಲ. ಬಿದ್ದರೆ ಏಳುವದನ್ನು ಕಲಿಸುವರು. ಆ ಮೇಲೆ ಪಟ್ಟಿಗಳ ಮುಂದಿನ ತುದಿಗಳನ್ನು ಹತ್ತಿರ ತಂದು ಹಿಂದಿನ ತುದಿಗಳನ್ನು ಅಗಲಿಸಿ ನಿಲ್ಲುವದನ್ನು ಕಲಿಸುವರು. ನಿಲ್ಲಲು ಬಂದ ಕೂಸಿಗೆ ಇಳಿಜಾರಿನ ಹೆದರಿಕೆ ಅರ್ಧ ಕಡಿಮೆಯಾಗುವದು. ಈಸಿನಲ್ಲಿಯೂ ಇದೇ ಕ್ರಮವನ್ನು ಅನುಸರಿಸುವದು ಒಳಿತು. ದೂರ ಹೋಗುವದನ್ನು ಕಲಿಸುವ ಮುಂಚೆ, ನೀರಲ್ಲಿ ತೇಲಿ ಉಸಿರಾಡುವದನ್ನೂ ಹಿಂತಿರುಗಿ ದಂಡೆಯನ್ನು ಹಿಡಿಯುವದನ್ನೂ ಕಲಿಸಬೇಕು.

ಬಹಳ ಮಕ್ಕಳು ನಾಲ್ಕು ವರ್ಷದ ಸುಮಾರಿಗೆ ಈ ಪಾಠಕ್ಕೆ ಸಿದ್ಧರಾಗುವರು. ಆರೇಳು ವರ್ಷಕ್ಕೆ ಚೆನ್ನಾಗಿ ಕಲಿಯಬಲ್ಲರು. ಮೊದಲಿನ ಪಾಠವು ಮನೆಯ ಬಚ್ಚಲಲ್ಲಿಯೇ ಆಗಲಿ. ಸ್ನಾನದ ಹೊತ್ತಿಗೆ "ಈಗ ತಲೆಯ ಮೇಲೆ ಹಾಕುತ್ತೇನೆ" ಎಂದು ಹೇಳಿಯೇ ನೀರು ಹಾಕಬೇಕು. ಒಂದು ಅಗಲವಾದ ಬೋಗುಣಿಯಲ್ಲಿ ನೀರಿಟ್ಟು, ಅದರಲ್ಲಿ ಬಾಯಿಟ್ಟು ಗುಳುಗುಳು ಎಂದು ಊದುವ ಆಟವನ್ನು ಕಲಿಸಬೇಕು. ಮೇಲೆ ಬಂದಾಗ ಉಸಿರು ಒಳಗೆ, ನೀರಿನಲ್ಲಿ ಉಸಿರು ಹೊರಗೆ. ಈಸಿನ ಅರ್ಧ ವಿದ್ಯೆ ಇದೇ. ಬೋಗುಣಿಯಲ್ಲಿ ನಗುತ್ತ ಊದಿದ ಕೂಸು ಹೊಳೆಯಲ್ಲಿ ಮುಖವಿಡಲು ಅಂಜುವದಿಲ್ಲ.

ಎರಡನೆಯ ಪಾಠಕ್ಕೆ ನೀರು ಕೂಸಿನ ಸೊಂಟದಷ್ಟಿರಬೇಕು. ತಳವು ಗಟ್ಟಿಯಾಗಿದ್ದು ಕಣ್ಣಿಗೆ ಕಾಣುವಂತಿರಬೇಕು. ಹಿರಿಯರು ಆಳದ ಕಡೆಗೆ ನಿಂತು ಕೂಸನ್ನು ದಂಡೆಯ ಕಡೆಗೆ ಇಟ್ಟುಕೊಳ್ಳಬೇಕು. ಮೊದಲ ಕೆಲವು ದಿನ ನಡೆಯುವದು, ಕುಳಿತು ಏಳುವದು, ನೀರೆರಚಾಡುವದು, ಗಲ್ಲ ಮೂಗು ಕಣ್ಣುಗಳನ್ನು ಒಂದೊಂದಾಗಿ ಮುಳುಗಿಸುವದು ಇಷ್ಟೇ ಸಾಕು. ಅವಸರವೇನಿದೆ?

ಆಮೇಲೆ ತೇಲುವದು. ಎದೆಯ ತುಂಬ ಗಾಳಿಯಿದ್ದಾಗ ಮನುಷ್ಯನ ಶರೀರವು ನೀರಿಗಿಂತ ತುಸು ಹಗುರವಾಗಿರುವದು. ಆದರೆ ಹಾಗೆ ಮೇಲುಳಿಯುವ ಭಾಗ ಬಹು ಸ್ವಲ್ಪ. ತಲೆಯನ್ನೋ ಕೈಯನ್ನೋ ನೀರಿನಿಂದ ಮೇಲಕ್ಕೆತ್ತಿದಷ್ಟೂ ಉಳಿದ ದೇಹ ಕೆಳಗಿಳಿಯುವದು. ಕಾಪಾಡಿರೆಂದು ಕೈಯೆತ್ತುವವನು ತನ್ನನ್ನು ತಾನೇ ಮುಳುಗಿಸಿಕೊಳ್ಳುವದು ಹೀಗೆ. ಆದ್ದರಿಂದ ಕೂಸನ್ನು ಅಂಗಾತ ಮಲಗಿಸಿ, ಕಿವಿಗಳು ನೀರಲ್ಲಿರುವಂತೆ ತಲೆಯನ್ನು ಹಿಂದಕ್ಕೆ ಒರಗಿಸಿ, ಹೊಟ್ಟೆಯನ್ನು ಮೇಲಕ್ಕೆ ಮಾಡಿ, ಕೈಗಳನ್ನು ಅಗಲಿಸಿ ಸುಮ್ಮನಿರಲು ಕಲಿಸಬೇಕು. ಕಿವಿಗೆ ನೀರು ತಾಗಿದಾಗ ಕೂಸು ಬೆದರುವದು. ನಿಮ್ಮ ಮುಖವು ಅದರ ಕಣ್ಣಿಗೆ ಕಾಣುತ್ತಿರಲಿ. ದಿನದಿಂದ ದಿನಕ್ಕೆ ಕೈಯ ಆಧಾರವು ಅಂಗೈಯಿಂದ ಎರಡು ಬೆರಳಿಗಿಳಿಯಲಿ. ಕೂಸು ಒಪ್ಪಿದ ಮೇಲೆಯೇ ಬೆರಳನ್ನೂ ತೆಗೆಯಬೇಕು.

ಮುಂದೆ ಬೋರಲಾಗಿ ತೇಲುವದು, ಮತ್ತು ಅಲ್ಲಿಂದ ಎದ್ದು ನಿಲ್ಲುವದು. ಮೊಣಕಾಲುಗಳನ್ನು ಹೊಟ್ಟೆಗೆಳೆದುಕೊಂಡು, ಕೈಗಳಿಂದ ನೀರನ್ನು ಕೆಳಗೊತ್ತಿ, ಪಾದಗಳನ್ನು ಊರಿದರೆ ಶರೀರವು ನೆಟ್ಟಗಾಗುವದು. ಇದನ್ನು ಕಲಿಯದ ಮಗುವು ಎದೆಮಟ್ಟದ ನೀರಿನಲ್ಲಿಯೂ ಎದ್ದು ನಿಲ್ಲಲಾರದೆ ಒದ್ದಾಡುವದುಂಟು. ಕಾಲು ಬಡಿಯುವದನ್ನು ಮೆಟ್ಟಿಲು ಹಿಡಿಸಿ ಕಲಿಸಬಹುದು. ಬಡಿತವು ಮೊಣಕಾಲಿನಿಂದಲ್ಲ, ತೊಡೆಯ ಬುಡದಿಂದ ಬರಬೇಕು. ಕಡೆಗೆ, ದಂಡೆಗೆ ಬೆನ್ನು ಮಾಡಿ ನೀರಿಗೆ ಇಳಿದು, ಮುಳುಗಿ ಮೇಲೆದ್ದು, ತಿರುಗಿ ಬಂದು ದಂಡೆಯನ್ನು ಹಿಡಿಯುವ ಪಾಠ. ಕಾಲು ಜಾರಿ ಬಿದ್ದ ಮಗುವಿಗೆ ಬೇಕಾಗುವದು ನಾಲ್ಕು ಮಾರು ದೂರದ ಈ ವಿದ್ಯೆಯೇ. ಕೈ ಬೀಸಿ ಅಂದವಾಗಿ ಈಸುವದು ಆ ಮೇಲಿನ ಮಾತು.

ಪಾಠವು ಒಂದು ಸಲಕ್ಕೆ ಕಾಲು ಗಂಟೆ, ಇಪ್ಪತ್ತು ನಿಮಿಷ ನಡೆದರೆ ಸಾಕು. ತುಟಿ ನೀಲಿಯಾದರೆ, ಮೈ ನಡುಗಿದರೆ ಅಂದಿನ ಪಾಠ ಮುಗಿಯಿತೆಂದು ತಿಳಿಯಬೇಕು. ಒಂದು ದಿನ ಬಂದದ್ದು ಮರುದಿನ ಬಾರದಿದ್ದರೆ ಗದರಿಸಬಾರದು. ಬಂದಿದ್ದ ಪಾಠದಿಂದ ಮತ್ತೆ ಆರಂಭಿಸಬೇಕು. ನೆರೆಮನೆಯ ಹುಡುಗನೊಡನೆ ಹೋಲಿಸುವದಂತೂ ಸರ್ವಥಾ ಸಲ್ಲದು.

ನಮ್ಮ ಹಿರಿಯರು ಒಣಗಿದ ಸೋರೆಬುರುಡೆಯನ್ನು ಬೆನ್ನಿಗೆ ಕಟ್ಟಿ ಕಲಿಸುತ್ತಿದ್ದರು. ಈಸುಗಾಯಿ, ಈಸುಗುಂಬಳ ಎಂಬ ಹಳೆಯ ಶಬ್ದಗಳು ನಮ್ಮ ಭಾಷೆಯಲ್ಲಿ ಈ ಪದ್ಧತಿಗೆ ಸಾಕ್ಷಿಯಾಗಿವೆ. ಹಾಲುವಾಣದಂಥ ಹಗುರ ಕಟ್ಟಿಗೆಯ ತುಂಡುಗಳನ್ನು ಕಟ್ಟಿ, ಕಲಿತಂತೆ ಕಲಿತಂತೆ ಒಂದೊಂದನ್ನೇ ಕಡಿಮೆ ಮಾಡುವ ರೂಢಿಯೂ ಉಂಟು. ಮುದುಕನ ಕೈಯು ಎರಡು ಬೆರಳಿಗೆ ಇಳಿದಂತೆಯೇ ಇದು. ಈಗ ಬುರುಡೆಯ ಸ್ಥಾನದಲ್ಲಿ ಪ್ಲಾಸ್ಟಿಕ್ ಡಬ್ಬಿಗಳೂ ಗಾಲಿಯ ಟ್ಯೂಬುಗಳೂ ಬಂದಿರುವವು. ಡಬ್ಬಿಯ ಹಗ್ಗ ಸಡಿಲಾಗಿ ಸೊಂಟದಿಂದ ಕಾಲಿಗೆ ಜಾರಿದರೆ ಕೂಸು ತಲೆಕೆಳಗಾಗುವದು. ಟ್ಯೂಬಿನ ನಡುವಿನಿಂದ ಚಿಕ್ಕ ಮಗುವು ಜಾರಿ ಹೋಗುವದು. ಇವುಗಳನ್ನು ಕಟ್ಟಿ ಕೊಟ್ಟು ಹಿರಿಯರು ದಂಡೆಯಲ್ಲಿ ಮಾತಿಗೆ ಕೂಡುವದು ಮಹಾ ಅಪಾಯ. ತೇಲುವ ವಸ್ತುವು ಕಲಿಸುವವನ ಕೈಗೆ ಸಹಾಯ. ಅದು ಎಂದಿಗೂ ಕಾವಲುಗಾರನಾಗಲಾರದು.

ಎಲ್ಲಿ ಕಲಿಸಬಾರದೆಂಬುದನ್ನೂ ಹೇಳಬೇಕು. ಮಳೆಗಾಲದ ಹೊಳೆಯಲ್ಲಿ ಬೇಡ. ಮೇಲಿನಿಂದ ನೀರು ಬಿಟ್ಟ ದಿನಗಳಲ್ಲಿ ಬೇಡ. ಬ್ಯಾರೇಜಿನ ಬಾಗಿಲುಗಳ ಹತ್ತಿರವಂತೂ ಎಂದೂ ಬೇಡ. ಉಸುಕು ತೆಗೆದ ತಗ್ಗುಗಳಿರುವ ಕಡೆಗೆ ಮೊಣಕಾಲು ನೀರಿನಿಂದ ಒಂದೇ ಹೆಜ್ಜೆಗೆ ಆಳಕ್ಕೆ ಬೀಳಬಹುದು. ಆದುದರಿಂದ ಹಿರಿಯರು ಪ್ರತಿದಿನವೂ ಮೊದಲು ತಾವೇ ನಡೆದು ತಳವನ್ನು ನೋಡಬೇಕು. ಕೃಷಿ ಭಾಗ್ಯ ಯೋಜನೆಯು ೨೦೧೪ರಲ್ಲಿ ಆರಂಭವಾದ ಮೇಲೆ ಹೊಲಗಳಲ್ಲಿ ಕೃಷಿಹೊಂಡಗಳು ಬಹಳವಾದವು. ಲಿಂಬೆಯ ತೋಟಗಳಿಗೆ ಅವು ಸಂಜೀವಿನಿಯೇ ಸರಿ. ಆದರೆ ಒಳಗೆ ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡದ ಇಳಿಜಾರು ಪಾಚಿಗಟ್ಟಿ ಜಾರುವದರಿಂದ, ಚೆನ್ನಾಗಿ ಈಸುವವನಿಗೂ ಹತ್ತಿ ಬರುವದು ಕಠಿಣ. ಅಂಥ ಹೊಂಡವುಳ್ಳವರು ಸುತ್ತಲೂ ಬೇಲಿ ಕಟ್ಟಬೇಕು. ಗಂಟುಗಳನ್ನು ಹಾಕಿದ ದಪ್ಪ ಹಗ್ಗವೊಂದನ್ನು ಗೂಟಕ್ಕೆ ಬಿಗಿದು ನೀರಿನವರೆಗೆ ಇಳಿಬಿಡಬೇಕು. ಇಷ್ಟು ಅಲ್ಪ ವೆಚ್ಚದ ಕೆಲಸದಿಂದ ಒಂದು ಮನೆಯ ದೀಪ ಉಳಿಯಬಹುದು.

ಇನ್ನೊಂದು ಎಚ್ಚರಿಕೆ. ಮುಳುಗುವ ಮಗುವು ಕೂಗುವದೆಂದು ನಾವು ತಿಳಿದಿರುತ್ತೇವೆ. ಹಾಗಾಗುವದು ವಿರಳ. ಬಾಯಿ ನೀರಿನ ಮೇಲೆ ಬಂದ ಅರಗಳಿಗೆಯಲ್ಲಿ ಅದು ಉಸಿರಿಗಾಗಿ ಹೆಣಗುವದೇ ಹೊರತು ಕೂಗಲಾರದು. ಎಷ್ಟೋ ಕೂಸುಗಳು ಹಿರಿಯರು ಹತ್ತಿರವಿದ್ದಾಗಲೇ ಸದ್ದಿಲ್ಲದೆ ಮುಳುಗುವವು. ಆದುದರಿಂದ ಈಸು ಬಂದ ಮಕ್ಕಳ ಮೇಲೂ ಕಣ್ಣಿರಬೇಕು. ಐದು ವರ್ಷದೊಳಗಿನವರಿಗೆ ಹೊಳೆಯೇ ಬೇಕೆಂದಿಲ್ಲ; ಅಂಗಳದ ತೊಟ್ಟಿ, ನೀರು ತುಂಬಿದ ಬಕೆಟ್ಟು ಕೂಡ ಸಾಕು. ಅವಕ್ಕೆ ಮುಚ್ಚಳವಿರಲಿ. ಬಾಂಗ್ಲಾದೇಶದ ಹಳ್ಳಿಗಳಲ್ಲಿ ತಾಯಂದಿರು ಕೆಲಸದಲ್ಲಿರುವ ಮುಂಜಾನೆಯ ಹೊತ್ತಿನಲ್ಲಿ ಚಿಕ್ಕ ಕೂಸುಗಳನ್ನು ಒಂದೆಡೆ ಕೂಡಿಸಿ ನೋಡಿಕೊಳ್ಳುವ, ದೊಡ್ಡ ಮಕ್ಕಳಿಗೆ ಊರ ಕೆರೆಯಲ್ಲಿ ಬಿದಿರಿನ ಕಟ್ಟೆ ಕಟ್ಟಿ ಈಸು ಕಲಿಸುವ ವ್ಯವಸ್ಥೆಯಿಂದ ಇಂಥ ಮರಣಗಳು ಬಹಳ ಇಳಿದಿರುವವು. ನಮ್ಮ ಹಳ್ಳಿಗಳೂ ಇದನ್ನು ಮಾಡಲಾರವೇ?

ಯಾರಾದರೂ ಮುಳುಗುತ್ತಿದ್ದರೆ, ಬಲ್ಲವರಲ್ಲದವರು ನೀರಿಗೆ ಹಾರಬಾರದು. ಸೀರೆ, ಧೋತರ, ಹಗ್ಗ, ಕೋಲು ಏನಾದರೊಂದನ್ನು ದಂಡೆಯಿಂದ ಚಾಚಿ ಎಳೆಯಬೇಕು. ಖಾಲಿ ಕೊಡವನ್ನಾದರೂ ಎಸೆಯಬೇಕು. ಈ ಮಾತನ್ನು ಹೆಣ್ಣುಮಕ್ಕಳಿಗೆ ವಿಶೇಷವಾಗಿ ಹೇಳಿಕೊಡಬೇಕು. ಎರಡು ಜೀವ ಹೋಗುವ ಕಡೆಗೆ ಎರಡೂ ಉಳಿಯುವವು. ಮೇಲೆ ತಂದ ಮಗುವಿಗೆ ಉಸಿರಿಲ್ಲದಿದ್ದರೆ ಅದನ್ನು ತಲೆಕೆಳಗೆ ಹಿಡಿಯುವದು, ತಲೆಯ ಮೇಲೆ ತಿರುಗಿಸುವದು, ಹೊಟ್ಟೆ ಒತ್ತುವದು ಇವೆಲ್ಲ ವ್ಯರ್ಥ ಕಾಲಹರಣ. ಅಂಗಾತ ಮಲಗಿಸಿ, ಮೂಗು ಹಿಡಿದು, ಬಾಯಿಗೆ ಬಾಯಿಟ್ಟು ಐದು ಸಲ ಉಸಿರು ಊದಬೇಕು. ಆ ಮೇಲೆ ಎದೆಯ ನಡುವೆ ವೇಗವಾಗಿ ೩೦ ಸಲ ಒತ್ತುವದು, ೨ ಸಲ ಊದುವದು, ಹೀಗೆ ನಿಲ್ಲಿಸದೆ ನಡೆಸುತ್ತ ಇನ್ನೊಬ್ಬರಿಂದ ೧೦೮ಕ್ಕೆ ಕರೆ ಮಾಡಿಸಬೇಕು. ೨೦೨೨ರಲ್ಲಿ ಬಳ್ಳಾರಿಯ ಕಡೆಯ ಒಂದು ಹಳ್ಳಿಯಲ್ಲಿ, ಮುಳುಗಿದ ಬಾಲಕನನ್ನು ಉಪ್ಪಿನ ರಾಶಿಯಲ್ಲಿ ಇಟ್ಟರೆ ಬದುಕುವನೆಂಬ ಸುಳ್ಳು ಸುದ್ದಿಯನ್ನು ನಂಬಿ ತಾಯ್ತಂದೆಗಳು ಗಂಟೆಗಟ್ಟಲೆ ಕಾದು ಕುಳಿತರು. ಅವರನ್ನು ನಗಲು ಯಾರಿಗೂ ಮನಸ್ಸಾಗದು. ತಿಳಿದವರು ತಿಳಿದದ್ದನ್ನು ಮೊದಲೇ ಹೇಳಿದ್ದರೆ ಉಪ್ಪಿಗಾಗಿ ಯಾರೂ ಓಡುತ್ತಿರಲಿಲ್ಲ.

ಹೆದರಿದ ಕೂಸು ಎಂದೂ ಕಲಿಯದೆಂದು ನಿರಾಶರಾಗಬೇಕಾದದ್ದಿಲ್ಲ. ೨೦೦೦ನೆಯ ಸಿಡ್ನಿ ಒಲಿಂಪಿಕ್ಕಿನಲ್ಲಿ ಭಾರತದ ಪರವಾಗಿ ಈಸಿದ ಬೆಂಗಳೂರಿನ ನಿಶಾ ಮಿಲ್ಲೆಟ್ ಅವರು ಚಿಕ್ಕಂದಿನಲ್ಲಿ ಮುಳುಗುವದರಿಂದ ಸ್ವಲ್ಪದರಲ್ಲಿ ಪಾರಾಗಿ, ಬಹುದಿನ ನೀರಿಗೆ ಅಂಜಿದ್ದರಂತೆ. ಆ ಅಂಜಿಕೆಯನ್ನು ಕಳೆಯಲು ಮತ್ತೆ ನೀರಿಗೆ ಕರೆದೊಯ್ದವರು ಅವರ ತಂದೆಯೇ. ಎಲ್ಲ ಮಕ್ಕಳೂ ಒಲಿಂಪಿಕ್ಕಿಗೆ ಹೋಗಬೇಕಾಗಿಲ್ಲ. ಹೊಳೆಗೆ ಹೋದವರು ಮನೆಗೆ ತಿರುಗಿ ಬಂದರೆ ನಮಗೆ ಸಾಕು.

ಅಗರಖೇಡದ ಆ ಅಜ್ಜ ಮೊಮ್ಮಗಳನ್ನು ನಾವು ನಾಲ್ಕನೆಯ ದಿನ ಮತ್ತೆ ಕಂಡೆವು. ಅಂಗಿಯನ್ನು ಹಿಡಿದಿದ್ದ ಅವಳ ಕೈ ಈಗ ನೀರಿನ ಮೇಲೆ ಅಗಲವಾಗಿ ಚಾಚಿತ್ತು. ಕಣ್ಣುಗಳು ಆಕಾಶವನ್ನು ನೋಡುತ್ತಿದ್ದವು. ಬಹಳ ಹೊತ್ತು ಸುಮ್ಮನಿದ್ದು, ಕಿವಿಯಲ್ಲಿ ನೀರಿದ್ದುದರಿಂದ ತುಸು ಗಟ್ಟಿಯಾಗಿಯೇ, "ಬಿಡು ಅಜ್ಜಾ" ಎಂದಳು. ಮುದುಕನು ಎರಡು ಬೆರಳುಗಳನ್ನು ಮೆಲ್ಲನೆ ತೆಗೆದು, ಕೈಯನ್ನು ಅಲ್ಲಿಯೇ ಒಂದು ಗೇಣು ಕೆಳಗೆ ನೀರಿನಲ್ಲಿ ಹಿಡಿದುಕೊಂಡು ನಿಂತನು. ದಂಡೆಯ ಮೇಲೆ ಅರಿವೆ ಒಗೆಯುತ್ತಿದ್ದ ಅವಳ ಅಜ್ಜಿಯು ಕೈಯಲ್ಲಿಯ ಅರಿವೆಯನ್ನು ಕಲ್ಲಿನ ಮೇಲೆ ಬಿಟ್ಟು ನೋಡುತ್ತಿದ್ದಳು. ಅರವತ್ತು ವರ್ಷ ಹೊಳೆಯ ಅಂಚಿನಲ್ಲಿಯೇ ಬಾಳಿದ ಆಕೆಗೆ ಈಸು ಬರುವದಿಲ್ಲವೆಂದು ಅವಳೇ ನಮಗೆ ಆ ಮೇಲೆ ಹೇಳಿದಳು.

ಬರುವ ಬೇಸಿಗೆಯ ರಜೆಯಲ್ಲಿ ಮನೆಯಲ್ಲಿ ಈಸು ಬಲ್ಲ ಹಿರಿಯರಿದ್ದರೆ ಅವರನ್ನು ಕೇಳಿಕೊಳ್ಳಿರಿ. ಮಗನೊಡನೆ ಮಗಳನ್ನೂ ಕಳಿಸಿರಿ. ಬಿಡು ಎಂದು ಕೂಸೇ ಹೇಳುವವರೆಗೆ ಕೈ ಬಿಡಬೇಡವೆಂದು ಕಲಿಸುವವರಿಗೆ ಹೇಳುವದನ್ನು ಮಾತ್ರ ಮರೆಯಬೇಡಿರಿ.